ಸವಾರರ ಕೈಗೂ ಸ್ಪ್ಯಾನರ್ ಬರಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ಹಲವು ವರ್ಷಗಳಿಂದ ತಪ್ಪದೆ ಓದುತ್ತಿದ್ದೇನೆ. ಹೊಸದಾಗಿ ಬಂದ ಮೋಟಾರ್ ಸೈಕಲ್‌ಗಳ ಎಂಜಿನ್ ಸಾಮರ್ಥ್ಯ, ಮೈಲೇಜು, ಬಣ್ಣ, ದೀಪಗಳ ವಿನ್ಯಾಸ ಎಲ್ಲವೂ ಅಲ್ಲಿ ವಿವರವಾಗಿ ಬರುತ್ತವೆ. ಆದರೆ ಕೊಂಡ ಮೇಲೆ ಹತ್ತು ಹದಿನೈದು ವರ್ಷ ನಮ್ಮೊಡನೆ ಇರುವ ಆ ವಾಹನವನ್ನು ಸವಾರರೇ ಹೇಗೆ ನೋಡಿಕೊಳ್ಳಬೇಕು, ಯಾವ ದುರಸ್ತಿಯನ್ನು ಮನೆಯ ಅಂಗಳದಲ್ಲೇ ಮಾಡಿಕೊಳ್ಳಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದರ ಬಗ್ಗೆ ಒಂದು ಲೇಖನವನ್ನೂ ಓದಿದ ನೆನಪು ನನಗಿಲ್ಲ. ಆ ಕೊರತೆಯನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಸ್ವಲ್ಪ ಹೆಚ್ಚೇ ಇರುವುದರಿಂದ ಪತ್ರ ದೀರ್ಘವಾಗಿದೆ; ಮನ್ನಿಸಬೇಕು.

ನಾನು ಮೆಕ್ಯಾನಿಕ್ ಅಲ್ಲ. ಸುಮಾರು ಇಪ್ಪತ್ತು ವರ್ಷ ಬೈಕ್ ಓಡಿಸಿದ ಮೇಲೂ ಪೆಟ್ರೋಲ್ ಹಾಕಿಸುವುದು, ಚಕ್ರಕ್ಕೆ ಗಾಳಿ ತುಂಬಿಸುವುದು, ಕೆಲವು ತಿಂಗಳಿಗೊಮ್ಮೆ ಸರ್ವಿಸ್‌ಗೆ ಬಿಟ್ಟು ಸಂಜೆ ತರುವುದು, ಇಷ್ಟನ್ನು ಬಿಟ್ಟು ನನಗೇನೂ ತಿಳಿದಿರಲಿಲ್ಲ. ಒಮ್ಮೆ ಹಿಂದಿನ ಟೈರ್ ಬದಲಾಯಿಸಿಕೊಂಡು ಬಂದ ಕೆಲವು ದಿನಗಳಲ್ಲಿ, ಹಿಂದಿನ ಬ್ರೇಕ್ ತುಳಿದಾಗಲೆಲ್ಲ ‘ಟಕ್’ ಎಂಬ ಸಣ್ಣ ಸದ್ದು ಕೇಳತೊಡಗಿತು. ಎರಡು ದಿನ ಅದನ್ನು ಲೆಕ್ಕಿಸಲಿಲ್ಲ. ಮೂರನೆಯ ದಿನ ಬೈಕ್ ನಿಲ್ಲಿಸಿ ಚಕ್ರದ ಪಕ್ಕದಲ್ಲಿ ಕುಳಿತು ನೋಡಿದಾಗ, ಡ್ರಮ್ ಬ್ರೇಕಿನ ತಟ್ಟೆಯನ್ನು ಚಕ್ರದ ಜೊತೆ ತಿರುಗದಂತೆ ಹಿಡಿದಿಡುವ ಸರಳಿನ ನಟ್ಟು, ಬೋಲ್ಟಿನ ತೀರಾ ತುದಿಗೆ ಬಂದು ನಿಂತಿತ್ತು. ಅದು ಕಳಚದಿರಲೆಂದು ಹಾಕಬೇಕಿದ್ದ ಸ್ಪ್ಲಿಟ್ ಪಿನ್ ಅಲ್ಲಿ ಇರಲೇ ಇಲ್ಲ. ಇನ್ನು ಎರಡು ಸುತ್ತು ಸಡಿಲವಾಗಿದ್ದರೆ ಸರಳು ಕಳಚುತ್ತಿತ್ತು. ಮುಂದಿನ ಸಲ ಬ್ರೇಕ್ ತುಳಿದೊಡನೆ ಆ ತಟ್ಟೆ ಚಕ್ರದೊಂದಿಗೇ ತಿರುಗಿ, ಪೆಡಲಿನಿಂದ ಬರುವ ಬ್ರೇಕಿನ ಸರಳನ್ನೂ ಎಳೆದುಕೊಂಡು, ಚಕ್ರವೇ ಸಿಕ್ಕಿಕೊಳ್ಳುವ ಸಾಧ್ಯತೆ ಇತ್ತು. ಆ ಭಾಗದ ಹೆಸರೂ ಆಗ ನನಗೆ ಗೊತ್ತಿರಲಿಲ್ಲ. ಮೂರು ದಿನ ಅದರ ಮೇಲೆ ನನ್ನ ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ ಎಂಬುದು ನೆನಪಾದಾಗ ಕೈ ನಡುಗಿತು.

ಪಿನ್ ಹಾಕಲು ಮರೆತ ಕೆಲಸಗಾರನನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ಬೆಳಗಿನಿಂದ ಸಂಜೆಯವರೆಗೆ ಸಾಲುಗಟ್ಟಿ ನಿಂತ ಬೈಕ್‌ಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿ ಜೋಡಿಸುವವರ ಕೈಯಿಂದ ಒಂದು ಪಿನ್ ತಪ್ಪಿಹೋಗುವುದು ಆಶ್ಚರ್ಯವಲ್ಲ. ನನ್ನನ್ನು ಕಾಡಿದ್ದು ಬೇರೆ. ಮೆಕ್ಯಾನಿಕ್ ಆ ವಾಹನವನ್ನು ನೋಡುವುದು ವರ್ಷಕ್ಕೆ ಮೂರೋ ನಾಲ್ಕೋ ಸಲ, ಅದೂ ಒಂದೆರಡು ಗಂಟೆ ಮಾತ್ರ. ಪ್ರತಿದಿನ ಅದರ ಮೇಲೆ ಕೂರುವವನು ನಾನು. ಅದರ ಸದ್ದು, ಅದರ ಅದುರು, ಕ್ಲಚ್ ಹಿಡಿಯುವ ಹದ, ಬ್ರೇಕ್ ಇಳಿಯುವ ಆಳ ಇವು ಮೊದಲು ಬದಲಾಗುವುದು ನನ್ನ ಕೈಕಾಲುಗಳಿಗೆ ತಿಳಿಯುವಂತೆ. ಅದನ್ನು ಗುರುತಿಸಬಲ್ಲ ಏಕೈಕ ವ್ಯಕ್ತಿಗೇ ಅದರ ಅರ್ಥ ಗೊತ್ತಿಲ್ಲದಿದ್ದರೆ, ಎಷ್ಟು ಒಳ್ಳೆಯ ವರ್ಕ್‌ಶಾಪ್‌ಗೆ ಬಿಟ್ಟರೂ ಎರಡು ಸರ್ವಿಸ್‌ಗಳ ನಡುವಿನ ಸಾವಿರಾರು ಕಿಲೋಮೀಟರ್ ಯಾರ ಕಾವಲೂ ಇಲ್ಲದೆ ಸಾಗುತ್ತದೆ. ದುರಸ್ತಿ ಕಲಿತರೆ ಹಣ ಉಳಿಯುತ್ತದೆ ಎನ್ನುವವರಿದ್ದಾರೆ. ಉಳಿಯಬಹುದು, ಆದರೆ ಕಲಿಯಲು ಅದು ನನಗೆ ಬಹಳ ಸಣ್ಣ ಕಾರಣವಾಗಿ ಕಾಣುತ್ತದೆ.

ಅಂದಿನಿಂದ ಎಂಟು ವರ್ಷಗಳಲ್ಲಿ ನಾನು ಕಲಿತದ್ದನ್ನು, ಅದರಲ್ಲೂ ತಪ್ಪು ಮಾಡಿ ಕಲಿತದ್ದನ್ನು, ಹೊಸಬರಿಗೆ ನೆರವಾಗಲಿ ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಬೇಕಾದದ್ದು ಸ್ಪ್ಯಾನರ್ ಅಲ್ಲ, ಪುಸ್ತಕ. ವಾಹನದೊಂದಿಗೆ ಕೊಡುವ ಮಾಲೀಕರ ಕೈಪಿಡಿಯಲ್ಲಿ ಎಂಜಿನ್ ಆಯಿಲ್‌ನ ದರ್ಜೆ ಮತ್ತು ಪ್ರಮಾಣ, ಟೈರಿನ ಗಾಳಿಯ ಒತ್ತಡ, ಚೈನ್ ಎಷ್ಟು ಸಡಿಲವಿರಬೇಕು, ಕ್ಲಚ್ ಹಿಡಿಕೆಗೆ ಎಷ್ಟು ಬಿಡುವಿರಬೇಕು, ಪ್ಲಗ್‌ನ ಸಂಖ್ಯೆ ಮತ್ತು ಅದರ ಕಿಡಿ ಹಾರುವ ತುದಿಯ ಗ್ಯಾಪ್ ಮುಂತಾದವು ಇರುತ್ತವೆ. ಅದನ್ನು ಸೀಟಿನ ಕೆಳಗೆ ತುರುಕಿ ಮರೆಯುವವರೇ ಹೆಚ್ಚು. ಇನ್ನೊಂದು ಪುಸ್ತಕವಿದೆ: ಅದು ಸರ್ವಿಸ್ ಮ್ಯಾನ್ಯುಯಲ್. ಯಾವ ಬೋಲ್ಟ್ ಎಷ್ಟು ಬಿಗಿ, ಯಾವ ಭಾಗ ಎಷ್ಟು ಸವೆದರೆ ಬದಲಾಯಿಸಬೇಕು, ಯಾವುದನ್ನು ಯಾವ ಕ್ರಮದಲ್ಲಿ ಬಿಚ್ಚಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಇದು ಸವಾರರ ಕೈಗೆ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಕನ್ನಡದಲ್ಲಿ ಸಿಗುವುದಿಲ್ಲ. ಹಣ ಕೊಟ್ಟು ಕೊಂಡ ಯಂತ್ರದ ಪೂರ್ತಿ ವಿವರ ಅದರ ಒಡೆಯನಿಗೆ ದೊರೆಯಬೇಕು ಎಂಬುದು ಅತಿಯಾದ ಬೇಡಿಕೆಯೆಂದು ನನಗೆ ಅನ್ನಿಸುವುದಿಲ್ಲ. ತಯಾರಕರು ಇದನ್ನು ಗುಟ್ಟಿನಂತೆ ಕಾಪಾಡಿಕೊಂಡಷ್ಟೂ ಜನ ಕೇಳಿದ್ದನ್ನು, ಊಹಿಸಿದ್ದನ್ನು ನಂಬಿ ಬಿಚ್ಚತೊಡಗುತ್ತಾರೆ. ಹಾಳಾಗುವುದು ಅವರದೇ ಯಂತ್ರ.

ಉಪಕರಣಗಳ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ದೊಡ್ಡ ಪೆಟ್ಟಿಗೆ ಬೇಡ. ಎಂಟು, ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು ಮಿಲಿಮೀಟರಿನ ಒಳ್ಳೆಯ ರಿಂಗ್ ಸ್ಪ್ಯಾನರ್‌ಗಳು, ಒಂದು ಅಲೆನ್ ಕೀ ಗುಂಪು, ಪ್ಲಗ್ ಸ್ಪ್ಯಾನರ್, ಗಾಳಿಯ ಒತ್ತಡ ಅಳೆಯುವ ಗೇಜ್, ಸರಿಯಾದ ಸ್ಕ್ರೂಡ್ರೈವರ್‌ಗಳು. ತುದಿ ತೆರೆದ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುವುದರಿಂದ ಬಿಗಿಯಾದ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ರಿಂಗ್ ಸ್ಪ್ಯಾನರ್ ಸುತ್ತಲೂ ಹಿಡಿಯುತ್ತದೆ. ಸ್ಕ್ರೂಡ್ರೈವರ್ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸಬರು ಮೊದಲು ಸೋಲುವುದು ಇಲ್ಲಿಯೇ. ಜಪಾನ್ ಮೂಲದ ಹಲವು ಬೈಕ್‌ಗಳಲ್ಲಿರುವ ನಕ್ಷತ್ರ ತಲೆಯ ಸ್ಕ್ರೂಗಳು ನೋಡಲು ಸಾಮಾನ್ಯ ಫಿಲಿಪ್ಸ್ ಸ್ಕ್ರೂಗಳಂತೆಯೇ ಇದ್ದರೂ ಅವು ಜೆಐಎಸ್ ಎಂಬ ಜಪಾನಿನ ಮಾನದಂಡದವು, ತಲೆಯ ಮೇಲೆ ಹಲವು ಸಲ ಒಂದು ಚಿಕ್ಕ ಚುಕ್ಕೆ ಇರುತ್ತದೆ. 1936ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಫಿಲಿಪ್ಸ್ ವಿನ್ಯಾಸದ ಸ್ಕ್ರೂಡ್ರೈವರ್ ಇವುಗಳ ತಳದವರೆಗೆ ಕೂರುವುದಿಲ್ಲ. ಬಲ ಹಾಕಿದೊಡನೆ ಅದು ಮೇಲಕ್ಕೆ ಜಾರಿ ಸ್ಕ್ರೂವಿನ ತಲೆಯನ್ನು ಬಾವಿಯಂತೆ ಕೊರೆದುಬಿಡುತ್ತದೆ. ಆಮೇಲೆ ಅದನ್ನು ತೆಗೆಯುವುದು ಅನುಭವಸ್ಥರಿಗೂ ಕಷ್ಟ. ಇದು ಗೊತ್ತಿಲ್ಲದವರು ತಮ್ಮ ಕೈಯಲ್ಲಿ ಶಕ್ತಿ ಸಾಲದೆಂದು ತಿಳಿದು ಇನ್ನಷ್ಟು ಬಲ ಹಾಕುತ್ತಾರೆ.

ಬಲದ ಮಾತು ಬಂದುದರಿಂದ ನನ್ನ ದೊಡ್ಡ ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲ ಬಾರಿ ನಾನೇ ಎಂಜಿನ್ ಆಯಿಲ್ ಬದಲಾಯಿಸಿದ ದಿನ, ಹಳೆಯ ಆಯಿಲ್ ಇಳಿಸಿ, ತಳದ ಡ್ರೈನ್ ಬೋಲ್ಟ್ ಮತ್ತೆ ಹಾಕಿ, ಸೋರಬಾರದೆಂಬ ಭಯದಿಂದ ಉದ್ದನೆಯ ಹಿಡಿಕೆಯ ಸ್ಪ್ಯಾನರ್ ಹಿಡಿದು ಮೈಭಾರ ಹಾಕಿ ತಿರುಗಿಸಿದೆ. ಬಿಗಿಯಾಗುತ್ತ ಬಂದು, ಇದ್ದಕ್ಕಿದ್ದಂತೆ ಕೈ ಹಗುರವಾಯಿತು. ಎಂಜಿನ್ನಿನ ಮೈ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಅತಿ ಬಿಗಿಯಾದಾಗ ಸೋಲುವುದು ಮೆದುವಾದ ಲೋಹವೇ. ಎಂಜಿನ್ನಿನ ಥ್ರೆಡ್, ಎಂದರೆ ತೂತಿನೊಳಗಿನ ತಿರುಪಿನ ಗೆರೆ, ಕಿತ್ತು ಬೋಲ್ಟಿನೊಂದಿಗೇ ಹೊರಬಂತು. ಲೇತ್ ಕೆಲಸ ಬಲ್ಲ ಹಿರಿಯರೊಬ್ಬರು ಆ ತೂತನ್ನು ಹಿಗ್ಗಿಸಿ, ಒಳಗೆ ಉಕ್ಕಿನ ಸುರುಳಿ ಕೂರಿಸಿ ಸರಿಪಡಿಸಿಕೊಟ್ಟರು. ಅವರು ಬೈಯಲಿಲ್ಲ. ಒಂದು ಬೇಡದ ಬೋಲ್ಟನ್ನು ಕೈಗೆ ಕೊಟ್ಟು, ಅದನ್ನು ವೈಸ್‌ನ ಹಿಡಿತಕ್ಕೆ ಸಿಕ್ಕಿಸಿ, ಮುರಿಯುವವರೆಗೆ ಬಿಗಿಮಾಡಲು ಹೇಳಿದರು. ಬಿಗಿ ಎಲ್ಲಿಗೆ ಸಾಕು, ಎಲ್ಲಿಂದ ಮುಂದೆ ಲೋಹ ಸೋಲತೊಡಗುತ್ತದೆ ಎಂಬುದು ಅಂದು ನನ್ನ ಮಣಿಕಟ್ಟಿಗೆ ತಿಳಿಯಿತು.

ಈ ಕೈಹದಕ್ಕೆ ಅಳತೆಯೂ ಇದೆ. ಅದನ್ನು ಟಾರ್ಕ್ ಎನ್ನುತ್ತಾರೆ, ನ್ಯೂಟನ್ ಮೀಟರ್‌ನಲ್ಲಿ ಅಳೆಯುತ್ತಾರೆ. ಆರು ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಎಂದರೆ ಇಪ್ಪತ್ತು ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಐದು ಕಿಲೋ ತೂಕ ತೂಗುಹಾಕಿದಷ್ಟೇ ಬಲ! ಹಲವು ಡ್ರೈನ್ ಬೋಲ್ಟ್‌ಗಳಿಗೆ ಹೇಳಿರುವುದು 20ರಿಂದ 30 ನ್ಯೂಟನ್ ಮೀಟರ್ ಮಾತ್ರ. ನಾನು ಹಾಕಿದ್ದ ಬಲ ಅದರ ಮೂರು ಪಟ್ಟಿಗೂ ಹೆಚ್ಚಿದ್ದಿರಬೇಕು. ಆಯಿಲ್ ಸೋರದಂತೆ ತಡೆಯುವುದು ಬೋಲ್ಟಿನ ಬಿಗಿಯಲ್ಲ, ಅದರ ಕೆಳಗಿನ ಮೆದು ಲೋಹದ ವಾಷರ್. ಅದನ್ನು ಪ್ರತಿ ಸಲ ಹೊಸದಾಗಿ ಹಾಕಬೇಕು. ಇಷ್ಟು ಗೊತ್ತಿದ್ದರೆ ಮೈಭಾರ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ. ಇತ್ತ ಹಿಂದಿನ ಚಕ್ರದ ಆಕ್ಸಲ್ ನಟ್ಟಿಗೆ ಅದಕ್ಕಿಂತ ಬಹಳ ಹೆಚ್ಚಿನ ಬಿಗಿ ಬೇಕು, ಅಲ್ಲಿ ಅಂಜಿ ಸಡಿಲ ಬಿಟ್ಟರೆ ಅಪಾಯ. ಆದ್ದರಿಂದಲೇ ಸಾಧ್ಯವಿದ್ದವರು ಒಂದು ಟಾರ್ಕ್ ವ್ರೆಂಚ್ ಕೊಳ್ಳುವುದು, ಇಲ್ಲವೇ ನಾಲ್ಕು ಜನ ಗೆಳೆಯರು ಸೇರಿ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಮೊದಲ ಪಾಠ ಯಾವುದಾಗಬೇಕು ಎಂದು ಕೇಳಿದರೆ ಚೈನ್ ಎನ್ನುತ್ತೇನೆ. ಚೈನ್ ಕಣ್ಣಿಗೆ ಕಾಣುತ್ತದೆ, ಬಿಚ್ಚದೆಯೇ ಅದನ್ನು ಪರೀಕ್ಷಿಸಬಹುದು, ಮತ್ತು ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದೂ ಅದೇ. ಚೈನ್ ಮುಚ್ಚಿದ ಕವಚದೊಳಗಿರುವ ಬೈಕ್‌ಗಳಲ್ಲಂತೂ ಅದು ಕೂಗಿಕೊಳ್ಳುವವರೆಗೆ ಯಾರೂ ನೋಡುವುದಿಲ್ಲ. ಕೆಳಗಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಅದು ಎಷ್ಟು ಅಲುಗಾಡುತ್ತದೆ ಎಂಬುದೇ ಅದರ ಸಡಿಲಿಕೆ. ಹಲವು ಬೈಕ್‌ಗಳಲ್ಲಿ ಅದು 20ರಿಂದ 30 ಮಿಲಿಮೀಟರ್ ಇರಬೇಕೆಂದು ಹೇಳಿರುತ್ತಾರೆ, ನಿಮ್ಮ ವಾಹನದ್ದು ಕೈಪಿಡಿಯಲ್ಲೇ ಇರುತ್ತದೆ. ಒಂದೇ ಕಡೆ ನೋಡಿದರೆ ಸಾಲದು. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಹಲವು ಕಡೆ ನೋಡಬೇಕು, ಏಕೆಂದರೆ ಚೈನ್ ಎಲ್ಲ ಕಡೆಯೂ ಸಮನಾಗಿ ಸವೆಯುವುದಿಲ್ಲ. ಅತ್ಯಂತ ಬಿಗಿಯಾಗಿರುವ ಜಾಗದಲ್ಲಿ ಅಳತೆ ಸರಿಯಾಗಿರುವಂತೆ ಹೊಂದಿಸಬೇಕು.

ಸಡಿಲ ಚೈನ್ ಸದ್ದು ಮಾಡುತ್ತದೆ, ಆದ್ದರಿಂದ ಅದನ್ನು ಸಾಕಷ್ಟು ಬಿಗಿ ಮಾಡಿದರೆ ಒಳ್ಳೆಯದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ತಪ್ಪು ಎಂದು ತಿಳಿಯಲು ಹಿಂದಿನ ಚಕ್ರ ಹೇಗೆ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು ಒಮ್ಮೆ ಗಮನಿಸಬೇಕು. ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಒಂದು ಕೀಲಿನ ಸುತ್ತ ಆಡುತ್ತದೆ. ಚೈನಿನ ಮುಂದಿನ ಸ್ಪ್ರಾಕೆಟ್, ಎಂದರೆ ಹಲ್ಲುಚಕ್ರ, ಆ ಕೀಲಿಗಿಂತ ಸ್ವಲ್ಪ ಮುಂದಿರುತ್ತದೆ. ಹಾಗಾಗಿ ಸವಾರ ಕುಳಿತು, ಹಿಂದೆ ಇನ್ನೊಬ್ಬರು ಕುಳಿತು, ರಸ್ತೆಯ ಉಬ್ಬಿನ ಮೇಲೆ ಚಕ್ರ ಮೇಲೇರುವಾಗ, ಮುಂದಿನ ಸ್ಪ್ರಾಕೆಟ್, ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಸಾಲಿಗೆ ಬರುವ ಗಳಿಗೆಯಲ್ಲಿ, ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಗರಿಷ್ಠವಾಗುತ್ತದೆ. ಖಾಲಿ ನಿಂತಾಗ ಬಿಗಿಯಾಗಿದ್ದ ಚೈನ್ ಆ ಗಳಿಗೆಯಲ್ಲಿ ವೀಣೆಯ ತಂತಿಯಂತೆ ಎಳೆದುಕೊಳ್ಳುತ್ತದೆ. ಆ ಎಳೆತವೆಲ್ಲ ಗೇರ್ ಬಾಕ್ಸಿನ ಶಾಫ್ಟಿನ ಬೇರಿಂಗ್ ಮೇಲೂ ಚಕ್ರದ ಬೇರಿಂಗ್ ಮೇಲೂ ಬೀಳುತ್ತದೆ. ಚೈನ್ ತುಸು ಸಡಿಲವಾಗಿದ್ದರೆ ಸದ್ದು, ಅತಿ ಬಿಗಿಯಾಗಿದ್ದರೆ ಗೇರ್ ಬಾಕ್ಸ್ ಬಿಚ್ಚುವ ಕೆಲಸ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ತುಸು ಸಡಿಲವೇ ವಾಸಿ. ಆದರೆ ಸ್ಪ್ರಾಕೆಟ್ ಬಿಟ್ಟು ಜಾರುವಷ್ಟು ಸಡಿಲವಿದ್ದರೆ ಅದೂ ಜೀವಕ್ಕೆ ಅಪಾಯ.

ಬಿಗಿ ಮಾಡುವಾಗ ಆಕ್ಸಲ್ ನಟ್ಟನ್ನು ಸಡಿಲಿಸಿ ಎರಡು ಬದಿಯ ಅಡ್ಜಸ್ಟರ್‌ಗಳನ್ನೂ ಒಂದೇ ಪ್ರಮಾಣದಲ್ಲಿ ತಿರುಗಿಸಬೇಕು, ಎರಡೂ ಕಡೆಯ ಗುರುತಿನ ಗೆರೆಗಳು ಒಂದೇ ಸಂಖ್ಯೆಯಲ್ಲಿ ನಿಲ್ಲಬೇಕು; ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕಂಡರೆ, ಅಥವಾ ಹಲ್ಲುಗಳು ಅಲೆಯಂತೆ ಒಂದೇ ಕಡೆಗೆ ಬಾಗಿದ್ದರೆ, ಚೈನು ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಾಯಿಸಬೇಕು. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಜಾಯಿಂಟ್ ಲಿಂಕ್ ಇರುವ ಚೈನ್ ಆದರೆ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಸಾಗುವ ದಿಕ್ಕಿಗಿರಬೇಕು. ಸೀಲ್ ಇರುವ ಚೈನನ್ನು ಪೆಟ್ರೋಲ್‌ನಿಂದ ತೊಳೆದರೆ ಒಳಗಿನ ರಬ್ಬರ್ ಉಂಗುರಗಳು ಕೆಡುತ್ತವೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು. ಒಂದು ಮಾತನ್ನು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದರೂ ತಪ್ಪಿಲ್ಲ: ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚಕ್ರ ತಿರುಗುತ್ತಿರುವಾಗ ಚೈನ್ ಒರೆಸಬಾರದು. ಬಟ್ಟೆಯ ತುದಿ ಸಿಕ್ಕಿಕೊಂಡರೆ ಬೆರಳು ಸ್ಪ್ರಾಕೆಟ್ಟಿನೊಳಗೆ ಹೋಗಲು ಕಣ್ಣುಮಿಟುಕಿಸುವಷ್ಟು ಹೊತ್ತೂ ಬೇಡ. ಬೆರಳು ಕಳೆದುಕೊಂಡವರಿದ್ದಾರೆ.

ಚೈನಿನ ನಂತರ ಸ್ಪಾರ್ಕ್ ಪ್ಲಗ್. ಎಂಜಿನ್ ತಣ್ಣಗಿರುವಾಗ ಬಿಚ್ಚಿ ತುದಿಯನ್ನು ನೋಡಿದರೆ ಒಳಗಿನ ಉರಿಯ ಸುದ್ದಿಯೆಲ್ಲ ಅಲ್ಲಿ ಬರೆದಿರುತ್ತದೆ. ತಿಳಿ ಕಂದು ಬಣ್ಣವಿದ್ದರೆ ಎಲ್ಲವೂ ಕ್ಷೇಮ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಹೋಗುತ್ತಿದೆ. ಮೊದಲು ಏರ್ ಫಿಲ್ಟರ್ ನೋಡಬೇಕು. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಇದು ಮೆಕ್ಯಾನಿಕ್ ನೋಡಬೇಕಾದ ವಿಷಯ. ಸುಣ್ಣದಂತೆ ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂದರ್ಥ. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಬೇಕು. ಥ್ರೆಡ್ ಓರೆಯಾಗಿ ಹಿಡಿದಿದ್ದರೆ ಕೈಗೆ ಕೂಡಲೇ ತಿಳಿಯುತ್ತದೆ, ಸ್ಪ್ಯಾನರಿಗೆ ತಿಳಿಯುವುದಿಲ್ಲ. ವಾಷರ್ ಇರುವ ಹೊಸ ಪ್ಲಗ್ ಆದರೆ ಕೈಬಿಗಿಯಾದ ಮೇಲೆ ಸುಮಾರು ಅರ್ಧ ಸುತ್ತು, ಹಳೆಯದೇ ಆದರೆ ಅದಕ್ಕಿಂತ ಬಹಳ ಕಡಿಮೆ.

ಆಯಿಲ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಬಹುತೇಕ ಗೇರ್ ಬೈಕ್‌ಗಳ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರುಗಳಿಗೆಂದು ಮಾಡಿದ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕಗಳಿರುತ್ತವೆ, ಅವು ಕ್ಲಚ್ ಪ್ಲೇಟ್‌ಗಳನ್ನು ಜಾರಿಸುತ್ತವೆ. ಡಬ್ಬದ ಮೇಲೆ ಜಪಾನಿನ ವಾಹನ ಮಾನದಂಡವಾದ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತಿದ್ದರೆ ಅದು ಇಂಥ ಕ್ಲಚ್‌ಗೆ ತಕ್ಕದ್ದು. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೂ ಗಿಡದ ಬುಡಕ್ಕೂ ಸುರಿಯದೆ, ಡಬ್ಬದಲ್ಲಿ ತುಂಬಿ, ಮರುಬಳಕೆಗೆ ಸಂಗ್ರಹಿಸುವವರಿಗೆ ಕೊಡಬೇಕು.

ಎಂಜಿನ್ನಿಗೆ ಗಾಳಿ, ಹೊಗೆ ಬಂದುಹೋಗುವ ವಾಲ್ವ್‌ಗಳನ್ನು ಒತ್ತಿ ತೆರೆಯುವ ಟ್ಯಾಪೆಟ್ ಬಗ್ಗೆ ಎರಡು ಮಾತು ಹೇಳದಿರಲಾರೆ. ಎಂಜಿನ್ನಿನ ತಲೆಯಿಂದ ಟಿಕ್ ಟಿಕ್ ಎಂಬ ಸದ್ದು ಬಂದೊಡನೆ ‘ಟ್ಯಾಪೆಟ್ ಬಿಗಿ ಮಾಡಿ’ ಎನ್ನುವುದು ರೂಢಿಯಾಗಿದೆ. ವಾಲ್ವ್‌ಗೆ ಬಿಡಬೇಕಾದ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನದು, ಆದರೂ ಅದು ಇರಲೇಬೇಕು. ಎಂಜಿನ್ ಕಾದಾಗ ಲೋಹ ಹಿಗ್ಗುತ್ತದೆ. ಆ ಅಂತರ ಇಲ್ಲದಂತೆ ಬಿಗಿಮಾಡಿದರೆ ಸದ್ದು ನಿಲ್ಲುತ್ತದೆ, ಆದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಹೆಚ್ಚು ಅಪಾಯಕಾರಿ. ಅಂತರ ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜ್ ಹಿಡಿದು, ತಣ್ಣನೆಯ ಎಂಜಿನ್ನಿನಲ್ಲಿ, ಪಿಸ್ಟನ್ ಕಂಪ್ರೆಶನ್ ಹೊಡೆತದ ತುತ್ತತುದಿಯಲ್ಲಿರುವಾಗ ಅಳೆಯುವ ಕೆಲಸವಿದು. ಮೊದಲ ವರ್ಷದಲ್ಲಿ ಇದಕ್ಕೆ ಕೈ ಹಾಕಬೇಡಿ ಎಂಬುದೇ ನನ್ನ ಸಲಹೆ.

ಬ್ರೇಕಿನ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ನೋಡುವುದನ್ನು ಎಲ್ಲರೂ ಕಲಿಯಬೇಕು: ಪ್ಯಾಡಿನ ಮೇಲಿನ ಗೀರು ಸವೆದು ಮಾಯವಾಗಿದೆಯೇ, ಡ್ರಮ್ ಬ್ರೇಕಿನ ಬಾಣದ ಗುರುತು ಮಿತಿ ದಾಟಿದೆಯೇ, ಬ್ರೇಕ್ ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದೆಯೇ, ಅದು ಕಪ್ಪಾಗಿದೆಯೇ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿಯುವಾಗ ಕಾದ ದ್ರವ ಕುದಿದು ಆವಿಯಾದರೆ, ಹಿಡಿಕೆ ಹಿಡಿಯವರೆಗೆ ಬಂದರೂ ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಹೇಳುವುದು ಈ ಕಾರಣಕ್ಕೆ. ಆದರೆ ಬದಲಾಯಿಸಿ ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸವನ್ನು ಬಲ್ಲವರ ಪಕ್ಕದಲ್ಲಿ ನಿಂತು ಕನಿಷ್ಠ ಎರಡು ಸಲ ಮಾಡಿದ ಮೇಲಷ್ಟೇ ಒಬ್ಬರೇ ಮಾಡಬೇಕು. ಪ್ಯಾಡ್ ಬದಲಾಯಿಸಿದ ಮೇಲೆ ಬೈಕ್ ಕದಲಿಸುವ ಮುನ್ನ ಹಿಡಿಕೆಯನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಒಳಗೆ ತಳ್ಳಲ್ಪಟ್ಟ ಪಿಸ್ಟನ್‌ಗಳು ಪ್ಯಾಡನ್ನು ಮುಟ್ಟುವವರೆಗೆ ಮೊದಲ ಒತ್ತುಗಳಿಗೆ ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಗೇಟಿನ ಹೊರಗೆ ಬಂದವರಿಗೆ ಅದು ತಿಳಿಯುವುದು ಎದುರಿನ ಗೋಡೆ ಬಂದಾಗ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬಾರದು, ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ವಿದ್ಯುತ್ ಭಾಗದಲ್ಲಿ ಹೊಸಬರಿಗೆ ಬೇಕಾದದ್ದು ಎರಡು ಕ್ರಮಗಳು. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ತಂತಿ, ಹಾಕುವಾಗ ಮೊದಲು ಪಾಸಿಟಿವ್. ನೆಗೆಟಿವ್ ಕಡೆ ಬೈಕಿನ ಇಡೀ ಚೌಕಟ್ಟಿಗೆ ಜೋಡಣೆಯಾಗಿರುತ್ತದೆ. ಅದನ್ನು ಬಿಚ್ಚದೆ ಪಾಸಿಟಿವ್‌ಗೆ ಸ್ಪ್ಯಾನರ್ ಹಾಕಿ, ಅದರ ಇನ್ನೊಂದು ತುದಿ ಚೌಕಟ್ಟಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರೇ ಕೆಂಪಗಾಗಬಹುದು. ಎರಡನೆಯದಾಗಿ, ಸುಟ್ಟ ಫ್ಯೂಸ್ ಜಾಗಕ್ಕೆ ಅದೇ ಆಂಪಿಯರಿನ ಫ್ಯೂಸ್ ಹಾಕಬೇಕೇ ಹೊರತು ತಂತಿ ಸುತ್ತಬಾರದು. ನಂತರ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಸಾಕು. ನಿಂತ ಬೈಕಿನ ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ 12.6ಕ್ಕಿಂತ ಮೇಲೆ ತೋರಿಸಬೇಕು, ಎಂಜಿನ್ ವೇಗ ಏರಿಸಿದಾಗ 14ರ ಆಸುಪಾಸಿಗೆ ಬರಬೇಕು. ಬರದಿದ್ದರೆ ದೋಷ ಹೆಚ್ಚಾಗಿ ಬ್ಯಾಟರಿಯದ್ದಲ್ಲ, ಚಾರ್ಜ್ ಮಾಡುವ ವ್ಯವಸ್ಥೆಯದ್ದು. ಇದನ್ನು ಅಳೆಯದೆ ಮತ್ತೆ ಮತ್ತೆ ಹೊಸ ಬ್ಯಾಟರಿ ಹಾಕಿಸಿದವರು ನನಗೆ ಗೊತ್ತು.

ಈಗಿನ ಬೈಕ್‌ಗಳಲ್ಲಿ ಎಲ್ಲವೂ ಕಂಪ್ಯೂಟರ್, ನಾವು ಮುಟ್ಟುವಂಥದ್ದೇನಿದೆ ಎಂಬ ಮಾತನ್ನು ಬಹಳ ಜನ ಹೇಳುತ್ತಾರೆ. ಕಾರ್ಬ್ಯುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿರುವುದು ನಿಜ, ಅದರ ಸೆನ್ಸರ್‌ಗಳ ದೋಷ ಹುಡುಕಲು ಸ್ಕ್ಯಾನರ್ ಬೇಕೆಂಬುದೂ ನಿಜ. ಆದರೆ ರೋಲರ್ ಚೈನನ್ನು ಹ್ಯಾನ್ಸ್ ರೆನಾಲ್ಡ್ ರೂಪಿಸಿದ್ದು 1880ರಲ್ಲಿ, ಅಂದರೆ ಜರ್ಮನಿಯ ಎಂಜಿನಿಯರ್‌ಗಳಾದ ಡೈಮ್ಲರ್ ಮತ್ತು ಮೇಬ್ಯಾಕ್ ಪೆಟ್ರೋಲಿನಿಂದ ಓಡುವ ತಮ್ಮ ಮರದ ದ್ವಿಚಕ್ರಿಯನ್ನು 1885ರಲ್ಲಿ ಓಡಿಸುವುದಕ್ಕೂ ಮುನ್ನ. ಅದೇ ಚೈನ್ ಇಂದಿನ ಅತ್ಯಾಧುನಿಕ ಬೈಕಿನಲ್ಲೂ ಅದೇ ರೀತಿ ಸವೆಯುತ್ತದೆ. ಟೈರು, ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, ಚಕ್ರದ ಬೇರಿಂಗ್, ಹ್ಯಾಂಡಲಿನ ಬೇರಿಂಗ್, ಏರ್ ಫಿಲ್ಟರ್ ಇವುಗಳ ಸವೆತವನ್ನು ಯಾವ ಕಂಪ್ಯೂಟರೂ ತಡೆಯುವುದಿಲ್ಲ. ಹೆಚ್ಚಿನ ಬೈಕ್‌ಗಳಲ್ಲಿ ಸವೆದಿದೆಯೆಂದು ಹೇಳುವುದೂ ಇಲ್ಲ. ಸವಾರರ ಜೀವ ನಿಂತಿರುವುದು ಬಹುಮಟ್ಟಿಗೆ ಈ ಹಳೆಯ ಭಾಗಗಳ ಮೇಲೆಯೇ. ವಾರಂಟಿ ಮುಗಿಯುವವರೆಗೆ ಎಂಜಿನ್ ಬಿಚ್ಚುವುದು ಬೇಡ, ಒಪ್ಪುತ್ತೇನೆ. ನೋಡುವುದಕ್ಕೆ, ಅಳೆಯುವುದಕ್ಕೆ, ಒಂದು ನೋಟ್ ಪುಸ್ತಕದಲ್ಲಿ ಕಿಲೋಮೀಟರ್ ಸಮೇತ ಬರೆದಿಡುವುದಕ್ಕೆ ಯಾವ ವಾರಂಟಿಯೂ ಅಡ್ಡ ಬರುವುದಿಲ್ಲ.

ಇದನ್ನೆಲ್ಲ ಕಲಿತರೆ ಮೆಕ್ಯಾನಿಕ್‌ಗಳ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂದು ನನ್ನ ಗೆಳೆಯರೊಬ್ಬರು ಆಕ್ಷೇಪಿಸಿದರು. ನನ್ನ ಅನುಭವ ಹಾಗಿಲ್ಲ. ಮೊದಲು ನಾನು ವರ್ಕ್‌ಶಾಪ್‌ನಲ್ಲಿ ‘ಏನೋ ಸದ್ದು ಬರುತ್ತಿದೆ, ನೋಡಿ’ ಎನ್ನುತ್ತಿದ್ದೆ. ಈಗ ‘ಬೈಕ್ ತಣ್ಣಗಿದ್ದಾಗ ಬರುವುದಿಲ್ಲ, ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ವೇಗ ಏರುತ್ತದೆ, ಬೈಕಿನ ವೇಗ ಏರುವುದಿಲ್ಲ, ಕ್ಲಚ್ ಕೇಬಲಿಗೆ ಬಿಡುವಿದೆ, ಆದ್ದರಿಂದ ಪ್ಲೇಟ್ ಇರಬಹುದು’ ಎಂದು ಹೇಳಬಲ್ಲೆ. ಒಳ್ಳೆಯ ಕೆಲಸಗಾರನಿಗೆ ಇಂಥ ಗಿರಾಕಿ ಬಂದರೆ ಸಂತೋಷವೇ ಆಗುತ್ತದೆ. ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ನನಗೆ ಹದ ಕಲಿಸಿದ ಹಿರಿಯರ ಬಳಿ ಇಂದಿಗೂ ಹೋಗುತ್ತೇನೆ, ಮೊದಲಿಗಿಂತ ಹೆಚ್ಚು ಗೌರವದಿಂದ. ಒಂದು ಥ್ರೆಡ್ಡನ್ನು ನೇರವಾಗಿ ಕೊರೆಯುವುದು ಎಷ್ಟು ಕಷ್ಟ ಎಂಬುದು ಈಗ ನನಗೆ ಗೊತ್ತಿದೆ.

ಕಲಿಸುವವರಿಲ್ಲದೆ ಇದನ್ನು ಕಲಿಯುವುದು ಕಷ್ಟ, ಅದರಲ್ಲೂ ಹೆಣ್ಣುಮಕ್ಕಳಿಗೆ. ಬೈಕ್ ಓಡಿಸುವ ಹೆಣ್ಣುಮಕ್ಕಳು ಸ್ಪ್ಯಾನರ್ ಹಿಡಿದರೆ ಪಕ್ಕದಲ್ಲಿದ್ದ ಗಂಡಸು ‘ಕೊಡಮ್ಮ ಇಲ್ಲಿ’ ಎಂದು ಕಸಿದುಕೊಳ್ಳುತ್ತಾನೆ. ನಾನೂ ಅದನ್ನೇ ಮಾಡಿದ್ದೆ. ‘ಅಪ್ಪಾ, ನೀವು ಮಾಡಿದರೆ ನನಗೆ ಬರುವುದಿಲ್ಲ’ ಎಂದು ಮಗಳು ಹೇಳಿದ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ರೂಢಿಸಿಕೊಂಡೆ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಬೈಕ್ ತಣ್ಣಗಿರುವಾಗಲೇ ಟೈರಿನ ಒತ್ತಡ ನೋಡಿ, ಚೈನ್ ಅಳೆದು, ಆ ಬ್ರೇಕ್ ಸರಳಿನ ಸ್ಪ್ಲಿಟ್ ಪಿನ್ ಇದೆಯೇ ಎಂದು ಬೆರಳಿಟ್ಟು ನೋಡುವುದು ಅವಳ ಕೆಲಸ. ಅದಕ್ಕೆ ಹತ್ತು ನಿಮಿಷ ಸಾಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ವಾಹನ ಪುಟದಲ್ಲಿ ವಾರಕ್ಕೊಂದು ಚಿಕ್ಕ ಅಂಕಣವನ್ನು ಸವಾರರೇ ಮಾಡಿಕೊಳ್ಳಬಹುದಾದ ಪರೀಕ್ಷೆ ಮತ್ತು ದುರಸ್ತಿಗೆ ಮೀಸಲಿಡಿ. ಅದನ್ನು ಅನುಭವಿ ಮೆಕ್ಯಾನಿಕ್ ಒಬ್ಬರಿಂದ ಹೇಳಿಸಿ, ಬರೆಯಬಲ್ಲವರೊಬ್ಬರಿಂದ ಬರೆಸಿ. ಒಂದೊಂದು ಕಂತಿನಲ್ಲಿ ಒಂದೇ ಕೆಲಸ, ಸ್ಪಷ್ಟವಾದ ಚಿತ್ರಗಳೊಂದಿಗೆ, ಮತ್ತು ಕೊನೆಯಲ್ಲಿ ಎಲ್ಲಿ ನಿಲ್ಲಿಸಿ ಬಲ್ಲವರ ಬಳಿ ಹೋಗಬೇಕು ಎಂಬ ಸೂಚನೆ ಇರಲಿ. ಭಾಗಗಳಿಗೆ ಹೊಸ ಪದಗಳನ್ನು ಕಟ್ಟುವುದು ಬೇಡ, ವರ್ಕ್‌ಶಾಪಿನಲ್ಲಿ ಬಳಸುವ ಹೆಸರುಗಳನ್ನೇ ಬಳಸಿ, ಓದಿದವರು ಅಂಗಡಿಗೆ ಹೋಗಿ ಕೇಳುವಂತಿರಬೇಕು. ಸರ್ವಿಸ್ ಮ್ಯಾನ್ಯುಯಲ್‌ಗಳನ್ನು ಸವಾರರಿಗೂ ಕನ್ನಡದಲ್ಲಿ ಕೊಡಿ ಎಂದು ತಯಾರಕರನ್ನು ಪತ್ರಿಕೆಯ ಪರವಾಗಿ ಕೇಳಿ. ಒಬ್ಬ ಓದುಗನ ಪತ್ರಕ್ಕೆ ಉತ್ತರ ಬಾರದಿದ್ದರೂ ತಮ್ಮ ಪತ್ರಕ್ಕೆ ಬರಬಹುದು. ಮೊದಲ ಕಂತು ಚೈನಿನ ಬಗ್ಗೆ ಇರಲಿ ಎಂಬುದು ನನ್ನ ಆಸೆ. ಅದಕ್ಕೆ ಬೇಕಾದ ಚಿತ್ರಗಳನ್ನು ತೆಗೆಯಲು ನನ್ನ ಬೈಕನ್ನೂ, ಒಂದು ಭಾನುವಾರದ ಬೆಳಗನ್ನೂ ಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ